ರಸೂಲಸಾಬನ ಸಿರಕಾ

ಟಿಕೋಟಾದಾಗ ಬಾನುಬಿ ಅಂದ್ರ ಮಾತಿಗೆ ಮಾತು ಕೊಡೂ ಹೆಂಗಸು ಅಂತ ಎಲ್ಲಾರಿಗೂ ಗೊತ್ತಿತ್ತು. ಬಬಲೇಶ್ವರದಿಂದ ಸೊಸಿಯಾಗಿ ಬಂದ ಹೊಸದಾಗನ, ಅತ್ತಿ ಮಾಡಿದ ಸಾರಿಗೆ ಉಪ್ಪು ಕಡಿಮಿ ಆಗೇದ ಅಂದು ಮನಿ ಮಂದಿನ್ನೆಲ್ಲಾ ಗಪ್ಪ ಮಾಡಿದಾಕಿ. ಗಂಡ ರಸೂಲಸಾಬ ನೋಡಿದ್ರ, ಕೆಮ್ಮಿದ್ರ ಬಾಜೂ ಮನಿಯವರಿಗೆ ತ್ರಾಸ ಆದೀತು ಅನ್ನೂ ಮನಶ್ಯಾ. ಇಂಥಾ ಜೋಡಿ ಹೆಂಗ ಬಾಳೇವು ಮಾಡ್ತು ಅಂತ ಕೇಳಬ್ಯಾಡ್ರಿ, ಛಂದಾಗೇ ಮಾಡ್ತು. ಮಕ್ಕಳಾಗಲಿಲ್ಲ ಅನ್ನೂದೊಂದು ಬಿಟ್ರ ಆ ಮನ್ಯಾಗ ಯಾವ ಕೊರತೀನೂ ಇರಲಿಲ್ಲ.

ರಸೂಲಸಾಬಗ ಸಣ್ಣದೊಂದು ತೋಟ ಇತ್ತು. ತಾಸಗಾಂವ ಕಡೆಯಿಂದ ದ್ರಾಕ್ಷಿ ಕಡ್ಡಿ ತಂದು ಹಚ್ಚಿ, ಕಲ್ಲಕಂಬ ನಿಲ್ಲಿಸಿ ಹಂದರ ಹಾಕಿದ್ದ. ಆವಾಗಿನ್ನೂ ನಮ್ಮ ಕಡೆ ದ್ರಾಕ್ಷಿ ಅಂದ್ರ ಜಡ್ಡಿನವರಿಗೆ ಒಯ್ಯೂ ಹಣ್ಣು. ಜ್ವಾಳಾ ಬಿತ್ತೂದು ಬಿಟ್ಟು ಬಳ್ಳಿ ಸಾಕಾಕತ್ಯಾನ, ಸಾಬಗ ತಲಿ ಕೆಟ್ಟದ ಅಂತ ಮಂದಿ ನಕ್ಕರು. ಅಂವಾನೂ ಅವರ ಜೋಡಿ ನಕ್ಕು ಬಳ್ಳಿಗೆ ನೀರು ಬಿಟ್ಟ.

ಚೊಲೋ ಗೊನಿ ವಿಜಾಪುರದ ಪ್ಯಾಟಿಗೆ ಹೋಗ್ತಿದ್ದವು. ಒಡದದ್ದು, ಹಕ್ಕಿ ಚುಚ್ಚಿದ್ದು, ಉದುರಿದ್ದು ಎಲ್ಲಾ ಗಡಿಗಿಗೆ ಬಿದ್ದು ಸಿರಕಾ ಆಗ್ತಿತ್ತು. ಸಿರಕಾ ಅಂದ್ರ ಹಣ್ಣಿನ ರಸಾ ಹುಳಿಬಂದು ಆಗೂವಂಥಾದ್ದು, ಒಂದು ಹನಿ ನಾಲಿಗಿಗೆ ತಾಗಿದ್ರ ಕಣ್ಣು ತಾವಾಗೇ ಮುಚ್ಚಬೇಕು. ಅದರಾಗ ಉಳ್ಳಾಗಡ್ಡಿ ನೆನಸಿ ಬಿಸಿ ರೊಟ್ಟಿಗೆ ಹಚ್ಚಿಕೊಂಡ್ರ, ಹಸಿವಿಲ್ಲ ಅಂದಾಂವನೂ ಮತ್ತೊಂದು ರೊಟ್ಟಿ ಕೇಳ್ತಿದ್ದ. ವಿಜಾಪುರದ ಹಕೀಮರೊಬ್ಬರು ತಮ್ಮ ಔಷಧಕ್ಕ ರಸೂಲಸಾಬನ ಸಿರಕಾನ ಆಗಬೇಕು ಅಂತಿದ್ರು.

ಹಣ್ಣು ಆರಿಸೂದು, ಹಿಚಕೂದು, ಗಡಿಗಿ ಬಾಯಿಗೆ ಅರಿವಿ ಕಟ್ಟಿ ಮಣ್ಣು ಮೆತ್ತೂದು ಬಾನುಬಿ ಕೆಲಸ. ಆಮ್ಯಾಲ ರಸೂಲಸಾಬ ಗಡಿಗೀನ ಚಕ್ಕಡ್ಯಾಗ ಇಟ್ಟು, ಬಾಜೂ ಹೊಲದ ಗುರಲಿಂಗಪ್ಪನ ಗುಡಿಸಲಕ್ಕ ಒಯ್ದು ಹೊಟ್ಟಿನ್ಯಾಗ ಹುಗೀತಿದ್ದ. ಮನಿಗೆ ತಿರುಗಿ ತರೂದು ಅದು ಪೂರಾ ಸಿರಕಾ ಆದಮ್ಯಾಲೆ. ಮನ್ಯಾಗ ಇಟ್ರ ಏನಾಗ್ತದ ಅಂತ ಆಕಿ ಕೇಳಿದ್ರ, "ಅಲ್ಲೆ ಬೆಚ್ಚಗಿರ್ತದ" ಅಂತಿದ್ದ. ಎಲ್ಲಾದಕ್ಕೂ ಕೆದಕಿ ಕೇಳೂ ಹೆಂಗಸು ಇದೊಂದನ್ನ ಕೆದಕಲಿಲ್ಲ ನೋಡ್ರಿ.

ಅರವತ್ತೆರಡರ ಮಳಿಗಾಲದಾಗ ಜ್ವರ ಬಂದು ಮಲಗಿದ ರಸೂಲಸಾಬ ಮ್ಯಾಲೇಳಲಿಲ್ಲ. ಬಬಲೇಶ್ವರದಿಂದ ಅಣ್ಣಂದಿರು ಕರಿಯಾಕ ಬಂದ್ರು. "ನಾ ಬಂದ್ರ ಬಳ್ಳಿಗೆ ಯಾರು ನೀರು ಬಿಡ್ತೀರಿ? ನೀವು ಬರ್ತೀರೇನು?" ಅಂತ ಕೇಳಿ ಚಾ ಕುಡಿಸಿ ಕಳಿಸಿದ್ಳು. ಗಂಡ ಹೋದದ್ದು ಹೋದ, ಅಂವ ಮಾಡಿದ ಕೆಲಸರೇ ನಿಲ್ಲಬಾರದು ಅನ್ನೂದು ಆಕಿ ಹಟಾ. ಬ್ಯಾಸಗಿಗೆ ಹಣ್ಣು ಬಂದ್ವು. ಪ್ಯಾಟಿಗೆ ಕಳಿಸಿದ್ದು ಕಳಿಸಿ, ಉಳದದ್ದನ್ನ ಹಿಚಕಿ ಗಡಿಗಿ ತುಂಬಿದ್ಳು. ಗಂಡ ಇಲ್ಲದಾಕಿ ಮತ್ತೊಬ್ಬರ ಗುಡಿಸಲಕ್ಕ ಗಡಿಗಿ ಹೊತಗೊಂಡು ಅಡ್ಡಾಡಿದ್ರ ಮಂದಿ ಏನಂದಾರು ಅಂತ, ಮನಿ ಹಿಂದಿನ ಖೋಲ್ಯಾಗ ಹೊಟ್ಟು ಸುರುವಿ ಅದರಾಗೇ ಹುಗದ್ಳು.

ಮಳಿ ಹಿಡಿಯೂ ಮುಂದ, ಇಷ್ಟೊತ್ತಿಗೆ ಆಗಿರಬೇಕು ಅಂತ ಮಣ್ಣು ಒಡದು ಅರಿವಿ ಬಿಚ್ಚಿದ್ಳು. ವಾಸನಿ ಮೂಗಿಗೆ ಬಡೀತು. ಅದು ಹುಳಿ ವಾಸನಿ ಅಲ್ಲ, ದಾರೂ ವಾಸನಿ. ತವರಿನ ಓಣ್ಯಾಗ ಕದ್ದು ಕುಡದು ಬಂದು ಹೆಂಡ್ತೀನ ಬಡಿಯೂ ಒಬ್ಬನ ಮನಿ ಬಾಜೂಕ ಬೆಳದಾಕಿ ಬಾನುಬಿ, ಆ ವಾಸನಿ ಆಕಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಾನೇ ಏನರೆ ತಪ್ಪು ಮಾಡಿದ್ನ್ಯಾ ಅಂತ ಮೊದಲ ಅನಸ್ತು. ಆದ್ರ ಅದೇ ಹಣ್ಣು, ಅದೇ ಗಡಿಗಿ, ಅದೇ ಮಣ್ಣು. ಹಂಗಾರ ಪ್ರತಿ ವರ್ಷ ಆಗ್ತಿದ್ದದ್ದೂ ಇದೇ ಏನು? ಅದಕ್ಕ ಮನ್ಯಾಗ ಇಡತಿರಲಿಲ್ಲೇನು? ಗುಡಿಸಲದಾಗ ಗಂಡಸರು ಇದನ್ನ ಕುಡದು, ಉಳದದ್ದಕ್ಕ ಹುಳಿ ಬೆರಸಿ ತನಗ ಸಿರಕಾ ಅಂತ ತಂದುಕೊಟ್ರೇನು? ಒಂದು ಹೊತ್ತಿನ ನಮಾಜ ತಪ್ಪಿಸದ ಮನಶ್ಯಾ. ಬಾನುಬಿ ಹೊಟ್ಟಿನ ಮ್ಯಾಲೇ ಕುಂತುಬಿಟ್ಳು. ಗಂಡ ಸತ್ತ ದಿನ ಬಂದದ್ದಕ್ಕಿಂತ ಹೆಚ್ಚು ಅಳು ಆವತ್ತು ಬಂತು.

ಚೆಲ್ಲಬೇಕಂದ್ರ ಓಣಿಯೆಲ್ಲಾ ನಾರ್ತದ. ದಾರೂಬಂದಿ ಕಾಯ್ದೆದ ಕಾಲ, ಪೊಲೀಸರು ಹಿತ್ತಲ ಹಿತ್ತಲ ಹುಡುಕೂ ದಿನಾ. ಹಳೇ ಧೋತರದ ತುಂಡೊಂದು ಗಡಿಗಿ ಬಾಯಿಗೆ ಸುಮ್ಮ ಕಟ್ಟಿ, ಖೋಲಿ ಬಾಗಲಾ ಹಾಕಿ ಬಂದ್ಳು. ಯಾರನ್ನೂ ಕೇಳಲಿಲ್ಲ. ಉಪ್ಪಿನ ಮಾತಿಗೆ ಮನಿ ಮಂದೀನ ಗಪ್ಪ ಮಾಡಿದಾಕಿಗೆ ಇಂಥಾ ಮಾತಿಗೆ ಬಾಯಿ ಬರಲಿಲ್ಲ. ಹೊಟ್ಟ್ಯಾಗ ಇಟಗೊಂಡು ಕುದ್ಯೂದು ದೊಡ್ಡ ಗುಣ ಅಂತ ಹೇಳ್ತಾರಲ್ಲ, ಹಂಗ ಹೇಳೋರನ್ನ ಕಂಡ್ರ ನನಗ ಸಿಟ್ಟು ಬರ್ತದ.

ರಸೂಲಸಾಬ ಹೋಗಿ ವರ್ಷ ತುಂಬಿತು. ಮೈದುನ ಲಾಡಲೇಸಾಬ ಬಂದು, "ವೈನಿ, ಅಣ್ಣನ ಹೆಸರಲೆ ಫಾತಿಯಾ ಓದಸೂನು. ಅಂವಗ ಸೇರತಿದ್ದ ಅಡಿಗಿ ಮಾಡ್ರಿ" ಅಂದ.

"ಈ ಮನ್ಯಾಗ ಬ್ಯಾಡ" ಅಂದ್ಳು ಬಾನುಬಿ.

"ಮತ್ತ ಎಲ್ಲಿ ಓದಸೂದ್ರಿ? ಮಂದಿ ಏನಂದಾರು?"

"ಏನರೆ ಅನ್ನಲಿ. ಅಂವಗ ಬೇಕಾದ್ದು ಅಂವ ಇದ್ದಾಗೇ ಉಂಡು ಹೋಗ್ಯಾನ."

ಲಾಡಲೇಸಾಬಗ ಒಂದೂ ತಿಳೀಲಿಲ್ಲ. ಮಾರಿ ಸಣ್ಣದು ಮಾಡ್ಕೊಂಡು ಹೊಳ್ಳಿ ಹೋದ. ಊರಾಗ ಎಲ್ಲಾ ಸತ್ತವರಿಗೂ ನಡೀತಿದ್ದ ಫಾತಿಯಾ ರಸೂಲಸಾಬಗ ಮಾತ್ರ ಆ ವರ್ಷ ನಡೀಲಿಲ್ಲ.

ಮಳಿ ಹಿಂದಾದಮ್ಯಾಲ ಗುರಲಿಂಗಪ್ಪ ಬಂದ. ಬಳ್ಳಿ ಕತ್ತರಸೂ ಹೊತ್ತು ಬಂದದ, ಆಳು ಹೇಳಲೇನು ಅಂತ ಕೇಳಿ, ಚಾ ಕುಡದು, "ಭಾಬಿ, ನಮ್ಮಾಕಿಗೆ ಉಂಡದ್ದು ಕರಗವಲ್ದು. ಒಂದು ವಾಟಗಾ ಸಿರಕಾ ಇದ್ರ ಕೊಡ್ರಿ" ಅಂದ.

ಎಷ್ಟೋ ತಿಂಗಳ ಕುದ್ದದ್ದು ಆಗ ಉಕ್ಕಿತು. "ಯಾವ ಸಿರಕಾ, ಗುರಲಿಂಗಪ್ಪಣ್ಣ? ನೀವಿಬ್ಬರೂ ಗುಡಿಸಲದಾಗ ಮಾಡ್ತಿದ್ದದ್ದು ಗೊತ್ತಾಗೇದ ನನಗ. ಬರ್ರಿ, ಅಲ್ಲೆ ಅದ. ನೀವೇ ಕುಡೀರಿ" ಅಂತ ಖೋಲಿ ಬಾಗಲಾ ತಗದ್ಳು.

ಗುರಲಿಂಗಪ್ಪ ಗಾಬರ್ಯಾಗಿ ಒಳಗ ಹೋಗಿ ಧೋತರದ ತುಂಡು ಸರಿಸಿದ. ಬಗ್ಗಿದಾಂವ ಹಿಂದ ಸರದು ಕಣ್ಣು ಒರಸಿಕೊಂಡ. ಖೋಲಿ ತುಂಬ ಹುಳಿ ವಾಸನಿ ಹೊಡೀತು. ಬಾನುಬಿ ಬೆರಳು ಅದ್ದಿ ನಾಲಿಗಿಗೆ ಹಚ್ಚಿದ್ಳು. ಸಿರಕಾ. ಗಂಡ ತರತಿದ್ದ ಅದೇ ಸಿರಕಾ.

"ಮಣ್ಣು ಒಡದಾಗ ದಾರೂ ವಾಸನಿ ಬಂದಿತ್ತು" ಅಂದ್ಳು ಸಣ್ಣ ಧ್ವನಿಲೆ.

"ಬಂದೇ ಬರ್ತದಲ್ರಿ. ಮೊದಲ ಹಂಗೇ ಆಗ್ತದ. ಆಮ್ಯಾಲ ತೆಳ್ಳನ್ನ ಅರಿವಿ ಕಟ್ಟಿ ಗಾಳಿ ಆಡಾಕ ಬಿಟ್ರ ಹುಳಿಗೆ ತಿರುಗ್ತದ. ಆ ದಿನದಾಗ ರಸೂಲಣ್ಣ ಮೂಗಿಗೆ ವಸ್ತ್ರ ಕಟಗೊಂಡೇ ಗುಡಿಸಲಕ್ಕ ಕಾಲಿಡತಿದ್ದ. ನಿಮ್ಮ ಮನ್ಯಾಗ ಯಾಕ ಇಡೂದಿಲ್ಲೋ ಅಂತ ಕೇಳಿದ್ರ, ಆಕಿ ನಮಾಜ ಮಾಡೂ ಮನಿ ಅದು, ಆ ವಾಸನಿ ಅಲ್ಲಿ ಬ್ಯಾಡ ಅಂದ. ನಾ ಲಿಂಗಾ ಕಟ್ಟಿದಾಂವ, ನನ್ನ ಗುಡಿಸಲಕ್ಕ ನಡೀತದೇನೋ ಅಂತ ಚ್ಯಾಷ್ಟಿ ಮಾಡ್ತಿದ್ದೆ."

ಬಾನುಬಿ ವಾಟಗಾ ತುಂಬಿ ಕೊಟ್ಳು. ಅಂವ ಹೋದಮ್ಯಾಲ ಲಾಡಲೇಸಾಬನ ಮನಿಗೆ ಹೋಗಿ, ನಾಳೆನೇ ಫಾತಿಯಾ ಓದಸು ಅಂದ್ಳು. ದಿನಾ ತಪ್ಪಿದಮ್ಯಾಲ ಈಗ್ಯಾಕ್ರಿ ವೈನಿ ಅಂತ ಅಂವ ಕೇಳಿದ. "ತಪ್ಪು ನಂದು" ಅಂದ್ಳು. ಆಕಿ ಬಾಯಾಗ ಈ ಮಾತು ಆ ಮನಿಯವರು ಕೇಳಿದ್ದು ಅದೇ ಮೊದಲು.

ಮರುದಿನ ಅಡಿಗಿ ಆತು, ಫಾತಿಯಾ ಆತು, ಮಂದಿ ಉಂಡು ಹೋದ್ರು. ಬಾನುಬಿ ಒಬ್ಬಾಕಿನೇ ಪಡಸಾಲ್ಯಾಗ ಕುಂತ್ಳು. ಮಣ್ಣಿಗೆ ಒಯ್ಯೂ ಮುಂದ ಇದೇ ಪಡಸಾಲ್ಯಾಗ ಗಂಡನ್ನ ಮಲಗಿಸಿದ್ರು. ರಿವಾಜಿನಂಗ ಹಿರಿಯರು ಆಕಿನ್ನ ಕರದು, "ಇವನ ಮ್ಯಾಲ ನಿಂದೇನರೆ ಉಳಿದಿದ್ರ ಮಾಫ್ ಮಾಡವ್ವಾ" ಅಂದಿದ್ರು. ಮಾಫ್ ಮಾಡೀನಿ ಅಂತ ಅಳಕೋಂತ ಆಕಿ ಹೇಳಿದ್ಳು. ಸತ್ತವರನ್ನ ಮಾಫ್ ಮಾಡಾಕ ರಿವಾಜು ಅದ. ಸತ್ತವರ ಕಡೆಯಿಂದ ಮಾಫಿ ಹೆಂಗ ಕೇಳಬೇಕು ಅನ್ನೂದನ್ನ ಮಾತ್ರ ಆಕಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.