ತೊಂಬತ್ತೆಂಟಕ್ಕೆ ಕುದಿದ ನೀರು

ಕೊಟ್ಟೂರಿನ ಒಂದು ಪಿಯು ಕಾಲೇಜಿನ ಲ್ಯಾಬಿನಲ್ಲಿ ಕರಿಯಕ್ಕ ಹನ್ನೊಂದು ವರ್ಷದಿಂದ ಅಟೆಂಡರ್, ಅದೂ ಹಂಗಾಮಿ. ಕಾಯಂ ಆದವರ ಪಟ್ಟಿ ಆ ತಿಂಗಳೇ ಬರುವುದಿತ್ತು. ಹಾಗಾಗಿ ೧೯೯೮ರ ಪ್ರಾಕ್ಟಿಕಲ್ ಪರೀಕ್ಷೆಯ ದಿನ ಅವಳು ಜೀವ ಕೈಯಲ್ಲಿ ಹಿಡಿದುಕೊಂಡೇ ಓಡಾಡುತ್ತಿದ್ದಳು.

ಅವಳದೊಂದು ಗುಟ್ಟಿತ್ತು. ಪುಸ್ತಕದಲ್ಲಿ ನೀರು ಕುದಿಯುವುದು ನೂರು ಡಿಗ್ರಿಗೆ. ಈ ಲ್ಯಾಬಿನಲ್ಲಿ ತೊಂಬತ್ತೆಂಟಕ್ಕೇ ಕುದಿದು ಮಕ್ಕಳ ಅಂಕ ಹೋಗುತ್ತಿದ್ದವು. ನೀರಿನಲ್ಲಿ ಉಪ್ಪು ಕರಗಿದರೆ ಕುದಿಯುವ ಕಾವು ಏರುತ್ತದೆ ಎಂಬ ಪಾಠವನ್ನು ಬಾಗಿಲಲ್ಲಿ ನಿಂತು ಕೇಳಿದ್ದಳು. ಅಂದಿನಿಂದ ಪ್ರತಿ ಪರೀಕ್ಷೆಗೂ ಒಬ್ಬೊಬ್ಬರ ಬಾಟಲಿಯ ಅರ್ಧ ಲೀಟರ್ ಶುದ್ಧ ನೀರಿಗೆ ಒಂದು ದೊಡ್ಡ ಹಿಡಿ ಉಪ್ಪು ಕರಗಿಸಿ, ಬಟ್ಟೆಯಲ್ಲಿ ಸೋಸಿ ಇಡುತ್ತಿದ್ದಳು. ನೂರು ಬರುತ್ತಿತ್ತು. ಪುಣ್ಯಾತಗಿತ್ತಿಯ ಪ್ರಕಾರ ಅದು ಮೋಸವಲ್ಲ, ಉಪಕಾರ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆಂಬುದೂ ಗೊತ್ತಿತ್ತು.

ಅಂದು ಹಲವಾಗಲು ಊರಿನಿಂದ ಬರುವ ವಿದ್ಯಾರ್ಥಿನಿ ಶಿವಗಂಗಾಳ ಬಸ್ಸು ತಡವಾಯಿತು. ಅವಳ ಬಾಟಲಿ ತುಂಬುವ ಗಡಿಬಿಡಿಯಲ್ಲಿ ಕರಿಯಕ್ಕ ಉಪ್ಪು ಮರೆತಳು.

ಹೊರಗಿನಿಂದ ಬಂದ ಪರೀಕ್ಷಕರು ಶಿವಗಂಗಾಳ ಹಾಳೆ ಎತ್ತಿಕೊಂಡರು. “ಎಲ್ಲರದೂ ನೂರು. ನಿನ್ನದ್ಯಾಕಮ್ಮ ತೊಂಬತ್ತೆಂಟು?”

“ಅಷ್ಟಽ ಬಂತ್ರಿ ಸಾರ್. ಮೂರು ಸಲ ನೋಡೀನ್ರಿ.”

“ನೋಡೋಕೇ ಬರಲ್ಲ ಅನ್ನು.” ಅವರು ಕೆಂಪು ಪೆನ್ನು ತೆಗೆದರು.

ಆ ಬಾಟಲಿಗೆ ಉಪ್ಪು ಹಾಕದ್ದು ಕರಿಯಕ್ಕನಿಗೆ ಆಗ ನೆನಪಾಯಿತು. ಸುಮ್ಮನಿದ್ದರೆ ಕೆಲಸ ಕಾಯಂ, ಹುಡುಗಿ ಫೇಲು. ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

“ಸಾರ್, ಆಕಿದಽ ಖರೇ ಐತ್ರಿ. ಉಳಿದವರ ನೀರಿಗೆ ನಾನಽ ಉಪ್ಪು ಹಾಕೀನ್ರಿ.”

ಪರೀಕ್ಷಕರು ನಂಬಲಿಲ್ಲ. ಪಕ್ಕದ ಮೇಜಿನ ನೀರನ್ನು ಬಟ್ಟಲಿಗೆ ಸುರಿದು ಬತ್ತುವ ತನಕ ಕುದಿಸಿದರು. ತಳದಲ್ಲಿ ಉಪ್ಪು ಬೆಳ್ಳಗೆ ಉಳಿಯಿತು.

“ಯಾಕಮ್ಮ ಹಿಂಗೆ ಮಾಡಿದಿ?”

“ಪುಸ್ತಕದಾಗ ನೂರು ಐತ್ರಿ. ನಮ್ಮೂರ ನೀರಽ ಸರಿ ಇಲ್ಲ ಅಂದ್ಕಂಡಿದ್ದೆ.”

ಪರೀಕ್ಷಕರು ಸ್ಟೂಲಿನ ಮೇಲೆ ಕೂತರು. ಹೋದ ವರ್ಷ ಇದೇ ಮೇಜಿನಲ್ಲಿ ನೂರು ಬರೆದವರಿಗೆಲ್ಲ ಕಣ್ಣು ಮುಚ್ಚಿ ಅಂಕ ಕೊಟ್ಟವರು ಅವರೇ. “ಕೊಟ್ಟೂರು ಸಮುದ್ರಕ್ಕಿಂತ ಬಹಳ ಎತ್ತರದಲ್ಲಿದೆ,” ಎಂದರು ಮೆಲ್ಲಗೆ. “ಎತ್ತರದ ಊರಲ್ಲಿ ನೀರು ನೂರಕ್ಕಿಂತ ಮೊದಲೇ ಕುದಿಯುತ್ತೆ. ನಿಮ್ಮ ನೀರಲ್ಲಿ ತಪ್ಪಿಲ್ಲಮ್ಮ.”

ಶಿವಗಂಗಾಗೆ ಪೂರ್ತಿ ಅಂಕ ಸಿಕ್ಕಿತು. ಉಳಿದವರು ಉಪ್ಪಿಲ್ಲದ ನೀರಿನಲ್ಲಿ ಮತ್ತೆ ಪ್ರಯೋಗ ಮಾಡಿದರು. ಪಟ್ಟಿಯಲ್ಲಿ ಕರಿಯಕ್ಕನ ಹೆಸರು ಬರಲಿಲ್ಲ.

ಲ್ಯಾಬಿನ ಬೀಗದ ಕೈ ಒಪ್ಪಿಸಿ ಹೊರಟವಳನ್ನು ಶಿವಗಂಗಾ ಗೇಟಿನವರೆಗೆ ಹಿಂಬಾಲಿಸಿದಳು. ಕರಿಯಕ್ಕ ತಿರುಗಿ ನಿಂತು ಅಂದಳು:

“ಹನ್ನೊಂದು ವರ್ಷ ನೀರು ಖರೇನಽ ಹೇಳ್ತಿತ್ತವ್ವ. ನಾನಽ ಅದರ ಬಾಯಾಗ ಉಪ್ಪು ಹಾಕಿ ಸುಳ್ಳು ಹೇಳಿಸಿದೆ.”