ಬಿಲ್ವದ ಗುಂಡಿಗೆ ಗ್ಯಾಸಿನ ಯಂತ್ರ

ಸಂಸ್ಕೃತ ಪಾಠಶಾಲೆಯಲ್ಲಿ ಮೂವತ್ತು ವರ್ಷ ವ್ಯಾಕರಣ ಹೇಳಿಕೊಟ್ಟವನ ಮನೆಯಲ್ಲಿ ನೆಲ ಕೊರೆಯುವ ಯಂತ್ರವಿದೆ ಎಂದರೆ ಕೇಳಿದವರು ನಗುತ್ತಾರೆ. ಶ್ರೀರಾಂಪುರದ ನಮ್ಮ ಬಡಾವಣೆಯ ನೆಲವೇ ಅಂಥದ್ದು. ಮೇಲೊಂದು ಗೇಣು ಮಣ್ಣು; ಅದರ ಕೆಳಗೆ ಹಾರೆ ಹಾಕಿದರೆ ಹಾರೆಯೇ ಎಗರಿ ಬೀಳುವ ಗರಸು. ಕೇಳಿದವರ ಅಂಗಳದಲ್ಲಿ ಬಿಲ್ವದ ಸಸಿ ನೆಟ್ಟುಕೊಡುವುದು ನಿವೃತ್ತಿಯ ಅನಂತರ ನಾನು ಹಿಡಿದ ವ್ರತ. ರಟ್ಟೆಯ ಬಲ ಕುಂದಿದ ಮೇಲೆ, ಹೂಟಗಳ್ಳಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ದುಡಿದು ನಿವೃತ್ತರಾದ ಮಿತ್ರರೊಬ್ಬರು ಗಾಲಿಯ ಮೇಲೆ ನಿಲ್ಲುವ, ತಿರುಪಿನಂಥ ಅಲಗಿನ ಈ ಯಂತ್ರವನ್ನು ಕೊಟ್ಟರು. ಪೂಜೆಯ ನೀರಿನ ಪಕ್ಕದಲ್ಲಿ ಪೆಟ್ರೋಲಿನ ವಾಸನೆ ನನಗೆ ಸಹಿಸದು ಎಂದುದಕ್ಕೆ, ಅದನ್ನು ಪುಟ್ಟ ಗ್ಯಾಸ್ ಸಿಲಿಂಡರಿನಿಂದ ಓಡುವಂತೆ ಮಾರ್ಪಡಿಸಿದರು.

ನನ್ನ ಪತ್ನಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿತ್ತು. ದೃಷ್ಟಿ ಮರಳಿದರೆ ನಮ್ಮ ಅಂಗಳದಲ್ಲೂ ಒಂದು ಬಿಲ್ವ ನೆಡುವೆ, ನೆಡುವ ದಿನ ಮಂತ್ರಸಮೇತ ಎಲ್ಲವೂ ಮುಗಿಯುವ ತನಕ ಏನನ್ನೂ ಬಾಯಿಗೆ ಹಾಕೆನು ಎಂದು ಆಕೆ ಹರಕೆ ಹೊತ್ತಿದ್ದಳು. ದೃಷ್ಟಿ ಮರಳಿತು. ನೆಡಲು ಆರಿಸಿದ್ದು ಸೋಮವಾರ. ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ. ಅದು ಕಳೆಯಲಿ ಎಂದು ಹಟ ಹಿಡಿದವನು ನಾನೇ.

ಒಂಬತ್ತಕ್ಕೆ ಯಂತ್ರ ಚಾಲೂ ಮಾಡುವ ಹಗ್ಗ ಎಳೆದೆ. ಯಂತ್ರ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಮತ್ತೆ ಎಳೆದೆ, ಮತ್ತೆ ಅದೇ. ಸಿಲಿಂಡರನ್ನು ಎತ್ತಿ ನೋಡಿದೆ, ಭಾರವಾಗಿಯೇ ಇತ್ತು. ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಒರೆಸಿ ಕೂರಿಸಿದೆ. ಅಂಗಳದಲ್ಲಿ ಅತ್ತಿಂದಿತ್ತ ನಾಲ್ಕು ಹೆಜ್ಜೆ ಹಾಕಿ ಮತ್ತೆ ಹಗ್ಗಕ್ಕೆ ಕೈ ಹಾಕಿದೆ. ಹಾರೆಯನ್ನೂ ಎತ್ತಿದೆ, ಗೇಣು ಮಣ್ಣು ಬಂದು ಕಿಡಿ ಹಾರಿತು, ಅಷ್ಟೆ.

ಜಗಲಿಯ ಮೇಲೆ ಕುಳಿತಿದ್ದ ಆಕೆಯ ಹಣೆಯಲ್ಲಿ ಬೆವರು ಕಾಣಿಸಿತು. ಬಿಸಿಲಿನ್ನೂ ಅಲ್ಲಿಗೆ ಬಂದಿರಲಿಲ್ಲ.

"ಯಾಕೆ, ಏನಾಯಿತು?" ಎಂದೆ.

"ಅಭ್ಯಾಸಬಲ ನೋಡಿ, ಬೆಳಗ್ಗೆ ಸಕ್ಕರೆ ಕಾಯಿಲೆ ಮಾತ್ರೆ ನುಂಗ್ಬುಟ್ಟಿದ್ದೀನಿ ಕಣ್ರೀ."

ಬರಿಹೊಟ್ಟೆಯಲ್ಲಿ ಆ ಮಾತ್ರೆ ರಕ್ತದ ಸಕ್ಕರೆಯನ್ನು ಎಷ್ಟು ಕೆಳಗಿಳಿಸುತ್ತದೆಂದು ನಾನು ಬಲ್ಲೆ. ಒಳಗೋಡಿ ಬೆಲ್ಲದ ನೀರು ಕಲಸಿ ತಂದೆ. ಆಕೆ ಲೋಟವನ್ನು ಪಕ್ಕಕ್ಕೆ ಸರಿಸಿದಳು.

"ನಿಮ್ಮ ರಾಹುಕಾಲಕ್ಕೆ ಒಂದೂವರೆ ಗಂಟೆ ಕಾದೆ. ನನ್ನ ಹರಕೆಗೆ ನೀವು ಹತ್ತು ನಿಮಿಷ ಕಾಯಕ್ಕಾಗಲ್ವಾ?"

ಲೋಟವನ್ನು ಜಗಲಿಯ ಮೇಲಿಟ್ಟೆ. ಫಿಟ್ಟರ್ ಮಿತ್ರರಿಗೆ ಫೋನ್ ಮಾಡಿದೆ.

"ಕೆಮ್ಮಿ ನಿಲ್ತದೆ ಅಂದ್ರೆ ಗ್ಯಾಸು ಸರಿಯಾಗಿ ಬರ್ತಿಲ್ಲ ಮೇಷ್ಟ್ರೇ. ಮೊದಲು ಸಿಲಿಂಡರ್ ಬಂದ್ ಮಾಡಿ. ಗ್ಯಾಸು ಬಿಡೋ ಗುಂಡನೆ ರೆಗ್ಯುಲೇಟರ್ ಬಿಲ್ಲೆ ಮೇಲೆ, ನಟ್ಟನಡುವೆ ಒಂದು ಸಣ್ಣ ತೂತಿರ್ತದೆ. ಅದು ಗಾಳಿ ತಗೊಳ್ಳೋ ತೂತು. ಕಾಣ್ತದಾ?"

"ತೂತು ಕಾಣುತ್ತಿಲ್ಲ. ವಿಭೂತಿ ಇದೆ."

"ಪೂಜೆ ಮಾಡಿದ್ರಾ?"

"ಅಮಾವಾಸ್ಯೆಗೆ. ಗುಂಡಗೆ ಮುಖದ ಹಾಗೆ ಕಂಡಿತು. ಅಲ್ಲಿಗೇ ಮೂರು ಬೆರಳು ಎಳೆದೆ."

"ಸರೋಯ್ತು! ಮೂಗಿಗೇ ವಿಭೂತಿ ಮೆತ್ತಿದ್ರೆ ಅದು ಎಂಗೆ ಉಸಿರಾಡ್ತದೆ ಮೇಷ್ಟ್ರೇ? ಪಿನ್ನು ತಗೊಂಡು ಮೇಲ್ಮೇಲೇ ಕೆರೀರಿ. ಒಳಕ್ಕೆ ಚುಚ್ಚಬೇಡಿ, ಅಲ್ಲಿರೋ ರಬ್ಬರ್ ಪೊರೆ ಹರಿದೋಯ್ತದೆ."

ನೀರಿನಲ್ಲಿ ಕಲಸಿ ಹಚ್ಚಿದ ವಿಭೂತಿ ಸುಣ್ಣದಂತೆ ಗಟ್ಟಿಯಾಗಿತ್ತು. ಶಿವನ ಹೆಸರಿನಲ್ಲಿ ಇಟ್ಟದ್ದನ್ನು ಕೆರೆದು ತೆಗೆಯುವುದು ಹೇಗೆಂದು ನಾನು ನಿಂತೇ ಇದ್ದೆ. ಆಕೆ ಬಳೆಗೆ ಸಿಕ್ಕಿಸಿದ್ದ ಪಿನ್ನನ್ನು ಬಿಚ್ಚಿ ಚಾಚಿದಳು.

"ಶಿವನ ಹತ್ರ ಆಮೇಲೆ ಮಾತಾಡ್ಕೊಳ್ಳಿ. ಕೆರೀರಿ ಮೊದಲು."

ಕೆರೆದೆ. ಉದುರಿದ ಪುಡಿಯನ್ನು ಪಂಚೆಯ ತುದಿಯಲ್ಲಿ ಹಿಡಿದುಕೊಂಡೆ. ಸಿಲಿಂಡರ್ ತೆರೆದು ಹಗ್ಗ ಎಳೆದಾಗ ಯಂತ್ರ ಕೆಮ್ಮಲಿಲ್ಲ. ಒಂದೇ ಸಮನೆ ಮೊರೆಯಿತು. ಅಲಗು ಗರಸನ್ನು ಕಿತ್ತು ಮೇಲಕ್ಕೆ ಚೆಲ್ಲಿತು. ಮೊಣಕಾಲುದ್ದ ಇಳಿದದ್ದೇ ನಿಲ್ಲಿಸಿ, ಸಸಿಯನ್ನು ಇರಿಸಿ ಮಣ್ಣು ತುಂಬಿದೆ. ಆಕೆ ಗೋಡೆ ಹಿಡಿದು ನಿಧಾನವಾಗಿ ಬಂದು ಬುಡಕ್ಕೆ ನೀರೆರೆದಳು. ಜೀವಮಾನವಿಡೀ ಒಂದೊಂದು ಅಕ್ಷರವನ್ನೂ ತೂಗಿ ಉಚ್ಚರಿಸಿದ ನಾನು ಆ ದಿನ ಮಂತ್ರವನ್ನು ಓಡಿಸಿಕೊಂಡು ಹೋಗಿ ಮುಗಿಸಿ, ಬೆಲ್ಲದ ನೀರನ್ನು ಆಕೆಯ ಕೈಗಿತ್ತೆ.

ಆಕೆ ಲೋಟವನ್ನು ತುಟಿಯ ತನಕ ಒಯ್ದು ನಿಲ್ಲಿಸಿದಳು. "ಎರಡು ಕಡೆ ಸ್ವರ ತಪ್ಪಿತು ಕಣ್ರೀ. ಇನ್ನೊಂದ್ಸಲ ಹೇಳಿ."

ಹೇಳಿದೆ. ಉದಾತ್ತ, ಅನುದಾತ್ತ ಒಂದೂ ಜಾರದಂತೆ, ಪೂರ್ತಿಯಾಗಿ. ಅಷ್ಟು ದೀರ್ಘವಾದ ಮಂತ್ರವೆಂದು ಅದು ನನಗೆ ಹಿಂದೆಂದೂ ಅನಿಸಿರಲಿಲ್ಲ. ಕಣ್ಣು ಮುಚ್ಚಿ ಹೇಳುವ ರೂಢಿ ಬಿಟ್ಟು, ಅವಳ ಕೈಯಲ್ಲಿ ತುಳುಕುತ್ತಿದ್ದ ಲೋಟವನ್ನೇ ನೋಡುತ್ತ ಹೇಳಿದೆ. ಕೊನೆಯ ಅಕ್ಷರಕ್ಕೆ ಆಕೆ ತಲೆದೂಗಿ, ಒಂದೇ ಗುಟುಕಿಗೆ ಅಷ್ಟನ್ನೂ ಕುಡಿದಳು.