ಮಾವಶಿಯ ಗೋಡೆ

ನಿಪ್ಪಾಣಿಯ ಹೊರಗಿನ ಹೊಸ ಬಡಾವಣೆಯಲ್ಲಿ ನಾವು ಮನೆ ಕಟ್ಟಿಸಿದಾಗ ಸುತ್ತ ಇನ್ನೂ ತಂಬಾಕಿನ ಹೊಲಗಳಿದ್ದವು. ನೋಡನೋಡುತ್ತಲೇ ಹೊಲಗಳೆಲ್ಲ ಪ್ಲಾಟುಗಳಾದವು. ಹೆದ್ದಾರಿ ಅಗಲವಾಯಿತು, ಅದರಾಚೆಯ ದಿಬ್ಬದ ನೀರೆಲ್ಲ ರಸ್ತೆಯಡಿಯ ಒಂದೇ ಮೋರಿಯಿಂದ ನಮ್ಮ ಕಡೆ ಬೀಳತೊಡಗಿತು. ಮೊದಲು ಆ ನೀರಿಗೊಂದು ಹಳ್ಳವಿತ್ತು. ಪ್ಲಾಟು ಮಾಡಿದವರು ಅದರಲ್ಲಿ ಸಿಮೆಂಟಿನ ಕೊಳವೆ ಹೂತು ಮೇಲೆ ಮಣ್ಣು ಮುಚ್ಚಿದ್ದರು. ಕೊಳವೆ ನಮ್ಮ ಹಿತ್ತಿಲನ್ನು ಹಾಯ್ದು, ಪಕ್ಕದ ಮನೆಯ ಕಾಂಪೌಂಡ್ ಗೋಡೆಯ ಅಡಿಯಿಂದ ಮುಂದೆ ಹೋಗುತ್ತಿತ್ತು.

ಆ ಮನೆಯಾಕೆಯನ್ನು ಓಣಿಯವರೆಲ್ಲ ಮರಾಠಿಯಲ್ಲಿ ಚಿಕ್ಕಮ್ಮನನ್ನು ಕರೆಯುವಂತೆ ಮಾವಶಿ ಎನ್ನುತ್ತಿದ್ದೆವು. ಗಂಡ ತೀರಿಕೊಂಡ ಮೇಲೆ ಎರಡು ಎಮ್ಮೆ ಕಟ್ಟಿ ಹಾಲು ಹಾಕುತ್ತಿದ್ದರು. ಗೋಡೆಯ ಆಚೆ ಬದಿಗೇ ಎಮ್ಮೆಗಳ ತಗಡಿನ ಕೊಟ್ಟಿಗೆ.

ನಾನು ಕೊಗನೊಳ್ಳಿ ಕಡೆಯ ಶಾಲೆಯಲ್ಲಿ ಟೀಚರು. ಜೂನಿನ ಒಂದು ಶನಿವಾರ, ಬೆಳಗಿನ ಶಾಲೆ ಮುಗಿಸಿ ಬಂದು ಊಟಕ್ಕೆ ಕೂತಾಗ ಮಳೆ ಹಿಡಿಯಿತು. ತುಸು ಹೊತ್ತಿಗೆ ಬಚ್ಚಲಿನ ಜಾಳಿಗೆಯಿಂದ ರಾಡಿ ನೀರು ಮೇಲೆ ಉಕ್ಕಿತು. ಹಿಂದಿನ ಬಾಗಿಲು ತೆರೆದರೆ ಹಿತ್ತಿಲೇ ಕೆರೆ. ಕೊಳವೆ ಕಟ್ಟಿಕೊಂಡಿತ್ತು; ಮಾವಶಿಯ ಗೋಡೆ ಒಡ್ಡಿನಂತೆ ನೀರನ್ನು ತಡೆದು ನಿಂತಿತ್ತು. ಮುಂದಿನ ರಸ್ತೆಯಲ್ಲಿ ಕಾಲು ನಿಲ್ಲದಂಥ ಸೆಳವು.

ಒಳಕೋಣೆಯಲ್ಲಿ ಅತ್ತೆ ಇದ್ದರು. ತೊಡೆಯ ಮೂಳೆ ಮುರಿದು ಆಪರೇಶನ್ ಆಗಿತ್ತು, ಅಲುಗಾಡುವಂತಿರಲಿಲ್ಲ. ನಾನೂ ನನ್ನ ಗಂಡನೂ ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟೆವು. ನೀರು ಇಟ್ಟಿಗೆಯನ್ನು ನುಂಗಿತು. ಇನ್ನೊಂದು ಸಾಲು ಕೊಟ್ಟೆವು.

“ನನ್ನ ಚಿಂತಿ ಬಿಡ್ರಿ, ಆ ಜ್ವಾಳದ ಚೀಲ ಎತ್ರಿ ಮೊದ್ಲ,” ಎಂದರು ಅತ್ತೆ. ಅವರ ಕೈ ಮಾತ್ರ ಮಂಚದ ಪಟ್ಟಿಯನ್ನು ಬಿಡಲಿಲ್ಲ.

ಗಂಡ ಹಾರೆ ಹಿಡಿದು ತೊಡೆಮಟ್ಟದ ನೀರಲ್ಲಿ ಗೋಡೆಯತ್ತ ನಡೆದರು. ಆಚೆ ಮಾವಶಿ ತಲೆಗೆ ಗೋಣಿತಾಟು ಹೊದ್ದು ಸ್ಟೂಲಿನ ಮೇಲೆ ನಿಂತಿದ್ದರು.

“ಮಾವಶಿ, ಗ್ವಾಡಿ ಒಡೀತೀನ್ರಿ! ಅವ್ವನ ಮಂಚಕ್ಕ ನೀರು ಬಂದೈತಿ.”

“ಒಡದ್ರ ನನ್ನ ಎಮ್ಮಿ ಸಾಯ್ತಾವಲೋ! ಕೊರಳಾಗ ಸರಪಳಿ ಐತಿ. ಹಾರಿ ಮುಟ್ಟಿಸಿದ್ರ ನೋಡು!”

ಎತ್ತಿದ ಹಾರೆ ಎತ್ತಿದಂತೆಯೇ ನಿಂತಿತು. ಇಬ್ಬರ ಮಾತೂ ಖರೆ. ನಿಂತು ವಾದ ಮಾಡುವ ಹೊತ್ತು ಅದಲ್ಲ. “ತಡೀರಿ, ನಾ ಹೋಗಿ ಎಮ್ಮಿ ಬಿಚ್ಚತೇನಿ,” ಎಂದು ಗಂಡನ ಹಿಂದೆಯೇ ಬಂದಿದ್ದ ನಾನು ಗೋಡೆಗೆ ತಾಗಿದ್ದ ನೀರಿನ ಟಾಕಿ ಹತ್ತಿ ಆಚೆ ಇಳಿದೆ.

ಒಂದು ಎಮ್ಮೆ ಸುಮ್ಮನೆ ಹೊರಗೆ ಬಂತು. ಇನ್ನೊಂದು ಹೊಸದಾಗಿ ಈದದ್ದು. ಕರುವನ್ನು ಬಿಟ್ಟು ಕದಲಲೊಲ್ಲದು. ಬೆದರಿ ಹಿಂದಕ್ಕೆ ಜಗ್ಗುತ್ತಿದ್ದುದರಿಂದ ಸರಪಳಿ ಬಿಗಿದು ಕೊಂಡಿ ಕಳಚಲಿಲ್ಲ. ನನ್ನ ಬೆರಳುಗಳು ಜಾರುತ್ತಿದ್ದವು.

“ಲಗೂ ಮಾಡ್ರಿ! ಹಾಸಿಗಿ ತೊಯ್ಯಾಕತ್ತೈತಿ!” ಗೋಡೆಯಾಚೆಯಿಂದ ಗಂಡನ ಕೂಗು.

ಮಾವಶಿ ಕರುವನ್ನು ನನ್ನ ಕಡೆ ನೂಕಿದರು. “ಇದನ್ನ ತಬ್ಕೊಂಡು ಮುಂದ ನಡಿಯವ್ವಾ.”

ಕರುವನ್ನು ಅರ್ಧ ಎತ್ತಿ, ಅರ್ಧ ಎಳೆದು ಮಾವಶಿಯ ಮನೆಯ ಕಟ್ಟೆಯತ್ತ ಹೊರಟೆ. ಅದು ಕೂಗಿತು. ತಾಯಿ ಎಮ್ಮೆ ಒಂದು ಹೆಜ್ಜೆ ಮುಂದಿಟ್ಟಿತು. ಸರಪಳಿ ಸಡಿಲಾದದ್ದೇ ಮಾವಶಿ ಕೊಂಡಿ ಬಿಚ್ಚಿದರು. ಎಮ್ಮೆ ನನ್ನನ್ನು ಉಜ್ಜಿಕೊಂಡೇ ಹೊರಗೆ ನುಗ್ಗಿತು.

“ಹಾಕಲೇ ಹಾರಿ!” ಎಂದು ಮಾವಶಿಯೇ ಕೂಗಿದರು.

ಮೂರ್ನಾಲ್ಕು ಏಟಿಗೆ ಗೋಡೆ ಬಾಯಿಬಿಟ್ಟಿತು. ಉಳಿದದ್ದನ್ನು ನೀರೇ ಕೆಡವಿತು. ಮೇವಿನ ಬಣವೆ, ಹಿಂಡಿಯ ಡಬ್ಬ, ಕೊಟ್ಟಿಗೆಯ ಅರ್ಧ ತಗಡು ಕಣ್ಣೆದುರೇ ತೇಲಿ ಹೋದವು. ಸಂಜೆಯ ಹೊತ್ತಿಗೆ ನಮ್ಮ ಮನೆಯಲ್ಲಿ ಕೆಸರಷ್ಟೇ ಉಳಿದಿತ್ತು. ಅತ್ತೆಯ ಹಾಸಿಗೆ ಅಡಿಯಲ್ಲಿ ತೊಯ್ದಿತ್ತು, ಅತ್ತೆ ಕ್ಷೇಮವಾಗಿದ್ದರು. ಎಮ್ಮೆಗಳನ್ನು ನಮ್ಮ ಪಡಸಾಲೆಯಲ್ಲೇ ಕಟ್ಟಿದೆವು.

ಎಷ್ಟೋ ದಿನ ಮಾವಶಿ ನನ್ನ ಗಂಡನ ಜೊತೆ ಮಾತಾಡಲಿಲ್ಲ. ಹಾಲನ್ನು ನನ್ನ ಕೈಗೇ ಕೊಟ್ಟು ಹೋಗುತ್ತಿದ್ದರು. ಗಂಡ ಇಟ್ಟಿಗೆ ತರಿಸಿ ಗೋಡೆ ಕಟ್ಟಲು ಹೋದಾಗ ಅಡ್ಡ ನಿಂತು ಮೊದಲ ಮಾತಾಡಿದರು: “ಮತ್ತ ಕಟ್ಟಬ್ಯಾಡ. ನೀರಿಗಿ ದಾರಿ ಬಿಡು. ಕೊಟ್ಟಗಿ ಅಷ್ಟ ಕಟ್ಟಿಸಿ ಕೊಡು, ಎತ್ತರಕ್ಕ.”

ಕೊಟ್ಟಿಗೆ ಎತ್ತರಕ್ಕೆ ಎದ್ದಿತು. ಆಮೇಲೆ ನಾನೂ ಮಾವಶಿಯೂ ಮನೆಮನೆಗೆ ಹೋಗಿ, ಮಳೆನೀರು ಮುಂದೆ ಹರಿದುಹೋಗಲು ತೆರೆದ ಗಟಾರಕ್ಕೆ ಒಂದಿಷ್ಟು ಜಾಗ ಬಿಡಿ ಎಂದು ಕೇಳಿದೆವು. ಗೊಣಗುತ್ತಲೇ ಬಹಳ ಜನ ಬಿಟ್ಟರು. ಕೊನೆಯ ಪ್ಲಾಟಿನವರು ಕೊಲ್ಹಾಪುರದಲ್ಲಿದ್ದರು, ಅವರು ಒಪ್ಪಲಿಲ್ಲ. ನಮ್ಮ ಗಟಾರ ಅವರ ತಂತಿಬೇಲಿಯವರೆಗೆ ಹೋಗಿ ನಿಂತಿದೆ. ಮಳೆ ಜೋರಾದಾಗಲೆಲ್ಲ ಓಣಿಯವರು ಮಾಳಿಗೆ ಹತ್ತಿ ಅತ್ತಲೇ ನೋಡುತ್ತೇವೆ, ನೀರು ಹಿಂದಕ್ಕೆ ತಿರುಗಿತೇನೋ ಎಂದು.